ಸ್ಮಾರ್ಟ್ ಸ್ಕೇಲೋ ಇಂಚ್ ಟೇಪೋ? ಎರಡನ್ನೂ ಬಳಸಿದ ಮೇಲೆ ನನ್ನ ರಿವ್ಯೂ

ಹೊಸದಾಗಿ ಜಿಮ್ಮೋ ವಾಕಿಂಗೋ ಶುರು ಮಾಡಿರೋರಿಗೆ, ಅದರಲ್ಲೂ ಹೆಣ್ಮಕ್ಕಳಿಗೆ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ. ನಾನೂ ನಮ್ಮಕ್ಕನೂ ಮೈಸೂರಲ್ಲಿ ಮನೆ ಹತ್ರದ ಜಿಮ್‌ಗೆ ಒಟ್ಟಿಗೇ ಸೇರಿದ್ವಿ, ಆಗ ಆನ್‌ಲೈನಲ್ಲಿ ಒಂದು ಬ್ಲೂಟೂತ್ ಸ್ಮಾರ್ಟ್ ಸ್ಕೇಲ್, ಅಂದ್ರೆ ಮೊಬೈಲ್ ಆ್ಯಪ್ ಜೊತೆ ಸೇರ್ಕೊಳ್ಳೋ ತೂಕದ ಮೆಷಿನ್ ತರಿಸಿದ್ವಿ, 1,500 ರೂಪಾಯಿ ಆಸುಪಾಸು ಆಯ್ತು, ಆಮೇಲೆ ದೇವರಾಜ ಮಾರ್ಕೆಟ್ ಕಡೆ ಹೋದಾಗ ದಾರ, ಗುಂಡಿ, ಲೈನಿಂಗ್ ಬಟ್ಟೆ ಎಲ್ಲ ಮಾರೋ ಅಂಗಡೀಲಿ ಟೈಲರ್‌ಗಳು ಕುತ್ತಿಗೇಗೆ ಹಾಕ್ಕೊಂಡಿರ್ತಾರಲ್ಲ ಆ ಟೇಪ್ ಒಂದು ತಗೊಂಡ್ವಿ, ಅದು 40 ರೂಪಾಯಿ. ಸ್ಕೇಲ್ ಬ್ರ್ಯಾಂಡ್ ಹೆಸರು ಬೇಡ, ಯಾಕಂದ್ರೆ ನಾನು ಹೇಳೋದು ಆ ಒಂದು ಕಂಪನಿ ತಪ್ಪಲ್ಲ, ಕಾಲಡಿ ಕರೆಂಟ್ ಹಾಯಿಸಿ ಫ್ಯಾಟ್ ಲೆಕ್ಕ ಹೇಳೋ ಈ ಥರದ ಮೆಷಿನ್‌ಗಳ ಸ್ವಭಾವಾನೇ ಅದು. ಮೊದಲೇ ಹೇಳ್ಬಿಡ್ತೀನಿ, ಶುರುವಿನ ಎರಡು ಮೂರು ತಿಂಗಳಿಗೆ ಒಂದೇ ಒಂದು ವಸ್ತು ತಗೊಳ್ಳೋದಾದ್ರೆ ಟೇಪ್ ತಗೊಳ್ಳಿ.

ಸ್ಕೇಲ್‌ದು ಒಳ್ಳೇದೇ ಮೊದಲು ಹೇಳ್ತೀನಿ. ಬರೀ ತೂಕ ನೋಡೋದಕ್ಕೆ ಇದು ಚೆನ್ನಾಗೇ ಇದೆ. ಗಾಜಿನ ಕೆಳಗೆ ನಾಲ್ಕು ಮೂಲೇಲಿ ನಾಲ್ಕು ಲೋಡ್ ಸೆಲ್ ಇರತ್ತೆ, ನಾವು ನಿಂತಾಗ ಅದರೊಳಗಿನ ಲೋಹ ಚೂರೇ ಚೂರು ಬಾಗತ್ತೆ, ಅದನ್ನೇ ತೂಕ ಅಂತ ತೋರಿಸತ್ತೆ. ಟೈಲ್ಸ್ ಮೇಲೆ ಇಟ್ಟು ಹತ್ತಿ ಇಳಿದು ಮತ್ತೆ ಹತ್ತಿದ್ರೆ 100 ಗ್ರಾಂ ಆಚೆ ಈಚೆ ಅಷ್ಟೇ. ಮ್ಯಾಟ್ ಮೇಲೋ ಕಾರ್ಪೆಟ್ ಮೇಲೋ ಇಡ್ಬೇಡಿ, ಗಟ್ಟಿ ನೆಲ ಬೇಕು, ಹಳೇ ಮನೆಗಳಲ್ಲಿ ಕಲ್ಲು ಹಾಸು ಏರುಪೇರು ಇದ್ರೆ ಅಲ್ಲೂ ತಪ್ಪು ತೋರಿಸತ್ತೆ, ಮನೇಲಿ ಒಂದು ಸಮತಟ್ಟು ಜಾಗ ನೋಡ್ಕೊಂಡು ಯಾವಾಗ್ಲೂ ಅಲ್ಲೇ ಇಡಿ.

ತೊಂದರೆ ಇರೋದು ಆ್ಯಪಲ್ಲಿ. ಹತ್ತಿ ನಿಂತ ತಕ್ಷಣ ಬಾಡಿ ಫ್ಯಾಟ್ ಇಷ್ಟು, ಮಸಲ್ ಇಷ್ಟು, ಮೂಳೆ ಇಷ್ಟು, ನೀರು ಇಷ್ಟು, ನಿಮ್ಮ ದೇಹದ ವಯಸ್ಸು ಇಷ್ಟು ಅಂತ ಒಂದು ಉದ್ದ ಪಟ್ಟಿ ಬರತ್ತೆ, ಎಲ್ಲಕ್ಕೂ ಪಾಯಿಂಟ್ ಆದ್ಮೇಲೆ ಒಂದು ಅಂಕಿ ಬೇರೆ, ನೋಡೋರಿಗೆ ಲ್ಯಾಬ್ ರಿಪೋರ್ಟ್ ಅನ್ನಿಸ್ಬೇಕು. ಆದ್ರೆ ಆ ಮೆಷಿನ್ ನಿಜವಾಗಿ ಅಳೆಯೋದು ಎರಡೇ ಎರಡು. ಒಂದು ತೂಕ. ಇನ್ನೊಂದು, ಒಂದು ಪಾದದಿಂದ ಇನ್ನೊಂದು ಪಾದಕ್ಕೆ ತುಂಬಾ ಸಣ್ಣ ಕರೆಂಟ್ ಬಿಟ್ಟು ಎಷ್ಟು ಅಡ್ಡಿ ಆಯ್ತು ಅಂತ ನೋಡತ್ತೆ. ಮಸಲಲ್ಲಿ ನೀರು ಜಾಸ್ತಿ ಇರೋದ್ರಿಂದ ಕರೆಂಟ್ ಸಲೀಸಾಗಿ ಹೋಗತ್ತೆ, ಕೊಬ್ಬಲ್ಲಿ ಅಷ್ಟು ಸಲೀಸಾಗಿ ಹೋಗಲ್ಲ. ಉಳಿದದ್ದೆಲ್ಲ ನಾವೇ ಟೈಪ್ ಮಾಡಿರೋ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಅನ್ನೋದು, ಇದನ್ನೆಲ್ಲ ಒಂದು ಸೂತ್ರಕ್ಕೆ ಹಾಕಿ ತೆಗೆದ ಅಂದಾಜು. ಅದೂ ಕರೆಂಟ್ ಒಂದು ಕಾಲಲ್ಲಿ ಹತ್ತಿ ಇನ್ನೊಂದು ಕಾಲಲ್ಲಿ ಇಳಿಯತ್ತೆ, ನಮಗೆ ಚಿಂತೆ ಇರೋ ಹೊಟ್ಟೆ ಕಡೆ ಸರಿಯಾಗಿ ಹೋಗೋದೇ ಇಲ್ಲ.

ಇದನ್ನ ನೀವೇ ಮನೇಲಿ ಟೆಸ್ಟ್ ಮಾಡಿ ನೋಡ್ಬಹುದು, ನಾವು ಮಾಡಿದ್ವಿ. ಅಕ್ಕನ ಪ್ರೊಫೈಲಲ್ಲಿ ಹೆಣ್ಣು ಅಂತ ಇದ್ದದ್ದನ್ನ ಗಂಡು ಅಂತ ಬದಲಾಯಿಸಿ ಅದೇ ನಿಮಿಷ ಅವಳನ್ನೇ ಮತ್ತೆ ನಿಲ್ಲಿಸಿದೆ, ಅದೇ ಪಾದ, ಅದೇ ತೂಕ, ಫ್ಯಾಟ್ ಪರ್ಸೆಂಟ್ ಮಾತ್ರ ಸರ್ರ್ ಅಂತ ಇಳೀತು. ಅಥ್ಲೀಟ್ ಮೋಡ್ ಅಂತ ಒಂದು ಬಟನ್ ಇರತ್ತೆ, ಅದನ್ನ ಒತ್ತಿದ್ರೂ ಇಳಿಯತ್ತೆ. ದೊಡ್ಡ ಚೊಂಬಲ್ಲಿ ನೀರು ಕುಡಿದು ನಿಂತ್ರೆ ಆ ನೀರಿನ ತೂಕದ ಒಂದು ಪಾಲನ್ನ ಕೊಬ್ಬಿನ ಲೆಕ್ಕಕ್ಕೆ ಸೇರಿಸ್ಬಿಡತ್ತೆ, ವರ್ಕೌಟ್ ಮುಗಿಸಿ ಮೈ ಬಿಸಿ ಇರೋವಾಗ ನಿಂತ್ರೆ ಇನ್ನೊಂದು ನಂಬರ್, ಪಾದ ಒದ್ದೆ ಇದ್ರೆ ಮತ್ತೊಂದು. ಇಷ್ಟರ ಮೇಲೆ ದಿನಾ ಗ್ರಾಫ್ ಹಾಕಿ ಕೆಂಪು ಬಾಣ ತೋರಿಸಿ ನೋಟಿಫಿಕೇಶನ್ ಕಳಿಸ್ತಾರಲ್ಲ, ಅದು ನನಗೆ ಒಂಚೂರೂ ಇಷ್ಟ ಆಗ್ಲಿಲ್ಲ.

ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಎಕ್ಸರ್ಸೈಜ್ ಶುರು ಮಾಡಿದ ಮೊದಲ ವಾರಗಳಲ್ಲಿ ತೂಕ ಇಳಿಯೋ ಬದಲು ಏರೋದು ತುಂಬಾ ಜನಕ್ಕೆ ಆಗತ್ತೆ, ಅಕ್ಕಂಗೂ ಆಯ್ತು. ಅವಳು ಸಕ್ಕರೆ ಬಿಟ್ಟಿದ್ಲು, ಸಂಜೆ ಬಜ್ಜಿ ಬೋಂಡ ಬಿಟ್ಟಿದ್ಲು, ಸ್ಕ್ವಾಟ್ ಹೊಡೆದು ಮಾರನೇ ದಿನ ಮೆಟ್ಟಿಲು ಇಳಿಯಕ್ಕಾಗ್ದೆ ಕಂಬಿ ಹಿಡ್ಕೊಂಡು ಇಳೀತಿದ್ಲು, ಆಮೇಲೆ ಬೆಳಗ್ಗೆ ಸ್ಕೇಲ್ ಹತ್ತಿದ್ರೆ ಒಂದು ಕೆಜಿ ಜಾಸ್ತಿ. ಅವಳ ಮುಖ ನೋಡಕ್ಕಾಗ್ತಿರ್ಲಿಲ್ಲ. ಇನ್ನು ಜಿಮ್ ನನಗಲ್ಲ ಅಂತ ಫೀಸ್ ವಾಪಸ್ ಕೊಡ್ತಾರಾ ಕೇಳು ಅಂದ್ಲು. ಆ ಒಂದು ಕೆಜಿ ಕೊಬ್ಬಲ್ಲ ರೀ, ಅದನ್ನ ಯಾರಾದ್ರೂ ಮೊದಲೇ ಕೂರಿಸ್ಕೊಂಡು ಹೇಳ್ಬೇಕು! ಒಂದು ಕೆಜಿ ಕೊಬ್ಬು ಸೇರ್ಬೇಕು ಅಂದ್ರೆ ಖರ್ಚಾಗೋದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿಂದಿರ್ಬೇಕು, ರಾತ್ರಿ ಬೆಳಗಾಗೋದ್ರೊಳಗೆ ಅದು ಆಗೋ ಕೆಲಸ ಅಲ್ಲ.

ಹಾಗಾದ್ರೆ ಅದೇನು ಅಂದ್ರೆ ಬಹುಪಾಲು ನೀರು. ಅಭ್ಯಾಸ ಇಲ್ಲದ ಮಸಲ್‌ಗೆ ಕೆಲಸ ಕೊಟ್ಟಾಗ ಅದರ ಎಳೆಗಳಿಗೆ ಸಣ್ಣ ಪುಟ್ಟ ಪೆಟ್ಟಾಗತ್ತೆ, ರಿಪೇರಿಗೆ ಅಲ್ಲಿ ನೀರು ತುಂಬ್ಕೊಳ್ಳತ್ತೆ, ಒಂದೆರಡು ದಿನ ಬಿಟ್ಟು ಬರೋ ಮೈಕೈ ನೋವು ಅದರ ಗುರುತು. ಇನ್ನೊಂದು ಗ್ಲೈಕೊಜೆನ್, ಅಂದ್ರೆ ನಾವು ತಿಂದ ಅನ್ನ ಮುದ್ದೆ ಚಪಾತಿಯಿಂದ ಮಸಲಲ್ಲೂ ಲಿವರಲ್ಲೂ ಕೂಡಿಟ್ಟ ಸ್ಟಾಕು. ಅದು ಒಂದು ಗ್ರಾಂ ಕೂತ್ರೆ ಜೊತೆಗೆ ಸುಮಾರು 3 ಗ್ರಾಂ ನೀರನ್ನೂ ಕೂರಿಸ್ಕೊಳ್ಳತ್ತೆ, ಎಕ್ಸರ್ಸೈಜ್ ಮಾಡೋರ ಮಸಲ್ ಇದನ್ನ ಇನ್ನೂ ಹೆಚ್ಚು ಕೂಡಿಡಕ್ಕೆ ಕಲಿಯತ್ತೆ. ವಾಕಿಂಗ್ ಓಟ ಶುರು ಮಾಡಿದ್ರೆ ರಕ್ತದ ನೀರಿನಂಶಾನೂ ಸ್ವಲ್ಪ ಏರತ್ತೆ. ಇದರ ಮೇಲೆ ಹಿಂದಿನ ರಾತ್ರಿ ಉಪ್ಪಿನಕಾಯಿ ಹಪ್ಪಳ ಜೊತೆ ಊಟ ಮಾಡಿದ್ರೆ ಆ ಉಪ್ಪೂ ನೀರು ಹಿಡಿಯತ್ತೆ, ಪೀರಿಯಡ್ಸ್ ಹತ್ರ ಬಂದಾಗಂತೂ ಕೇಳೋದೇ ಬೇಡ. ಇದರ ಉಲ್ಟಾನೂ ಅಷ್ಟೇ ನಿಜ, ಅನ್ನ ಪೂರ್ತಿ ಬಿಟ್ಟವರಿಗೆ ಮೊದಲ ವಾರ ದಡದಡ ಅಂತ ಇಳಿಯೋದೂ ಮುಖ್ಯವಾಗಿ ಈ ನೀರೇ, ವಾರದಲ್ಲಿ ಮೂರು ಕೆಜಿ ಇಳಿಸ್ತೀವಿ ಅನ್ನೋ ಜಾಹೀರಾತುಗಳು ಬದುಕಿರೋದೇ ಇದರ ಮೇಲೆ, ದಯವಿಟ್ಟು ಅಲ್ಲಿ ದುಡ್ಡು ಹಾಕ್ಬೇಡಿ.

ಮಸಲ್ ಬೆಳೆದು ತೂಕ ಏರಿದೆ ಅಂತ ಕೆಲವು ಟ್ರೇನರ್‌ಗಳು ಮೊದಲ ವಾರಾನೇ ಸಮಾಧಾನ ಹೇಳ್ತಾರೆ, ಅಷ್ಟು ಬೇಗ ಅಷ್ಟೊಂದು ಬೆಳೆಯಲ್ಲ, ಅದಕ್ಕೆ ತಿಂಗಳುಗಳು ಬೇಕು. ಆದ್ರೆ ನಿಧಾನಕ್ಕೆ ಕೊಬ್ಬು ಕರಗಿ ಮಸಲ್ ಸೇರ್ತಾ ಹೋದಾಗ ತೂಕ ಅಲ್ಲೇ ನಿಂತು ಅಳತೆ ಮಾತ್ರ ಇಳಿಯೋದು ಸತ್ಯ, ಯಾಕಂದ್ರೆ ಒಂದು ಕೆಜಿ ಕೊಬ್ಬಿಗೆ ಸುಮಾರು 1.1 ಲೀಟರ್ ಜಾಗ ಬೇಕು, ಒಂದು ಕೆಜಿ ಮಸಲ್‌ಗೆ 0.94 ಲೀಟರ್ ಸಾಕು.

ಇಲ್ಲೇ ಟೇಪ್ ಕೆಲಸಕ್ಕೆ ಬಂದಿದ್ದು. ಅಕ್ಕನ ತೂಕ ಒಂದೂವರೆ ತಿಂಗಳು ಹತ್ತಿರ ಹತ್ತಿರ ಅಲ್ಲೇ ಇತ್ತು, ಸೊಂಟ ಮಾತ್ರ 91 ಸೆಂಟಿಮೀಟರ್ ಇದ್ದದ್ದು 87ಕ್ಕೆ ಬಂದಿತ್ತು. ಹಬ್ಬಕ್ಕೆ ಬ್ಲೌಸ್ ಹೊಲಿಸಕ್ಕೆ ಅಳತೆ ಬ್ಲೌಸ್ ಕೊಟ್ಟಿದ್ಲು, ಟೈಲರಮ್ಮ ಒಂದ್ಸಲ ಹಾಕ್ಕೊಂಡು ತೋರ್ಸಿ ಅಂದ್ರು, ಹಾಕಿದ್ರೆ ಕೆಳಗಿನ ಪಟ್ಟಿ ಹತ್ರ ಎರಡು ಬೆರಳು ಸಲೀಸಾಗಿ ಹೋಗ್ತಿತ್ತು. ಇದು ಬೇಡಮ್ಮ, ಹೊಸದಾಗಿ ಅಳತೆ ತಗೊಳ್ತೀನಿ ಅಂತ ಅವರೇ ಟೇಪ್ ತೆಗೆದ್ರು, ಅಕ್ಕ ಅವತ್ತು ಮನೆಗೆ ಬಂದವಳು ಎಲ್ಲರಿಗೂ ಫೋನ್ ಮಾಡಿ ಹೇಳಿದ್ಲು, ಜಿಮ್ ಫೀಸ್ ವಾಪಸ್ ಮಾತು ಆಮೇಲೆ ಬರ್ಲೇ ಇಲ್ಲ.

ಟೇಪ್ ಹಿಡಿಯೋದಕ್ಕೂ ಒಂದು ಕ್ರಮ ಇದೆ, ಸುಮ್ನೆ ಸುತ್ತಿದ್ರೆ ಅದೂ ಸುಳ್ಳು ಹೇಳತ್ತೆ. ಸೊಂಟಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಜಾಗ ಅಂದ್ರೆ ಕೊನೇ ಪಕ್ಕೆಲುಬು ಕೈಗೆ ಸಿಗತ್ತಲ್ಲ ಅದರ ಕೆಳಗಿನ ಅಂಚು ಮತ್ತೆ ಸೊಂಟದ ಮೂಳೆ ಮೇಲಿನ ತುದಿ, ಇವೆರಡರ ಸರಿ ಮಧ್ಯ. ತುಂಬಾ ಜನಕ್ಕೆ ಇದು ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಬರತ್ತೆ. ಲಂಗದ ಲಾಡಿ ಕಟ್ಟೋ ಜಾಗದಲ್ಲಿ ಅಳೀಬೇಡಿ, ವರ್ಷಾನುಗಟ್ಲೆ ಬಿಗಿದು ಅಲ್ಲಿ ಒಂದು ಗೀರು ಬಿದ್ದಿರತ್ತೆ, ಟೇಪ್ ತಾನಾಗೇ ಜಾರಿ ಆ ಗೀರಲ್ಲಿ ಕೂತ್ಕೊಂಡು ಕಮ್ಮಿ ತೋರಿಸತ್ತೆ. ಬೆಳಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು ಕಾಫಿಗೆ ಮುಂಚೆ, ಕಾಲು ಜೋಡಿಸಿ ನಿಂತು, ಸಹಜವಾಗಿ ಉಸಿರು ಬಿಟ್ಟ ಕೊನೇಲಿ ಓದ್ಬೇಕು, ಹೊಟ್ಟೆ ಒಳಗೆ ಎಳ್ಕೋಬಾರ್ದು. ಟೇಪ್ ಚರ್ಮಕ್ಕೆ ತಾಗಿರ್ಬೇಕು, ಒತ್ತಬಾರ್ದು, ಬೆನ್ನ ಹಿಂದೆ ಕೆಳಗೆ ಇಳಿದಿಲ್ವಾ ಅಂತ ಕನ್ನಡೀಲಿ ಪಕ್ಕಕ್ಕೆ ತಿರುಗಿ ನೋಡ್ಕೊಳ್ಳಿ. ನಾವು ಹಿಪ್ಸ್ ಅತಿ ಅಗಲ ಇರೋ ಕಡೆ, ತೋಳು, ತೊಡೆ ಇಷ್ಟೂ ಅಳೀತೀವಿ, ತೊಡೆಗೆ ಮಂಡಿಯಿಂದ ಎಷ್ಟು ಮೇಲೆ ಅಂತ ಗುರುತು ಇಟ್ಕೊಂಡಿದೀವಿ, ಇಲ್ಲಾಂದ್ರೆ ಪ್ರತಿ ಸಲ ಬೇರೆ ಜಾಗ ಆಗತ್ತೆ. ಇಂಚಿನ ಕಡೆಗಿಂತ ಸೆಂಟಿಮೀಟರ್ ಕಡೆ ಓದಿ, ಸಣ್ಣ ಬದಲಾವಣೆ ಗೊತ್ತಾಗತ್ತೆ. ಎರಡು ಸಲ ಅಳೆದು ಸರಾಸರಿ ಬರ್ಕೊಳ್ಳಿ. ಹದಿನೈದು ದಿನಕ್ಕೊಂದು ಸಲ ಸಾಕು, ಒಬ್ಬರೇ ಅಳೆದ್ರೆ ಒಳ್ಳೇದು, ಒಂದು ಸೆಂಟಿಮೀಟರ್ ಒಳಗಿನ ವ್ಯತ್ಯಾಸಕ್ಕೆ ಖುಷೀನೂ ಬೇಡ ಬೇಜಾರೂ ಬೇಡ.

ನಮ್ಮ ದೇಶದೋರಿಗೆ ಸೊಂಟದ ಅಳತೆ ಇನ್ನೂ ಮುಖ್ಯ. 2004ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಪುಣೆಯ ಡಾಕ್ಟರ್ ಯಾಜ್ಞಿಕ್ ಅವರೂ ಲಂಡನ್‌ನ ಡಾಕ್ಟರ್ ಯುಡ್ಕಿನ್ ಅವರೂ ತಮ್ಮಿಬ್ಬರದೇ ಫೋಟೋ ಹಾಕಿ ಬರೆದಿದ್ರು, ಇಬ್ಬರ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3, ಆದ್ರೆ ಸ್ಕ್ಯಾನಲ್ಲಿ ಯುಡ್ಕಿನ್ ಅವರ ಮೈಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಅವರದ್ದು 21.2. ತೂಕ ನಾರ್ಮಲ್, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇಂಥ ಗಂಡಸರು ನಮ್ಮ ಎಲ್ಲರ ಮನೇಲೂ ಇದಾರೆ, ತೂಕದ ಮೆಷಿನ್ ಅವರಿಗೆ ಏನೂ ತೊಂದರೆ ಇಲ್ಲ ಅಂತಾನೇ ಹೇಳತ್ತೆ. ಅದಕ್ಕೇ ಭಾರತೀಯರಿಗೆ ಸೊಂಟದ ಮಿತಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಅಂತ ಇಟ್ಟಿರೋದು. ಎತ್ತರದ ಅರ್ಧಕ್ಕಿಂತ ಸೊಂಟ ಕಮ್ಮಿ ಇರ್ಬೇಕು ಅನ್ನೋ ಲೆಕ್ಕಾನೂ ಇದೆ, ಅದು ನೆನಪಿಟ್ಕೊಳ್ಳೋಕೆ ಸುಲಭ. ಅಕ್ಕ ಇನ್ನೂ ಆ 80ಕ್ಕೆ ಬಂದಿಲ್ಲ, ಬರ್ತಾಳೆ.

ಟೇಪಲ್ಲೂ ಕೊರತೆ ಇದೆ. ತೋಳೋ ತೊಡೆಯೋ ದಪ್ಪ ಆದ್ರೆ ಅದು ಮಸಲೋ ಊತವೋ ಅಂತ ಅದಕ್ಕೆ ಗೊತ್ತಾಗಲ್ಲ, ಹೊಟ್ಟೆ ಉಬ್ಬರಿಸಿದ ದಿನ ಅಳತೆ ಕೆಡತ್ತೆ, ತೀರಾ ಕಡಿಮೆ ಬೆಲೇದು ಬಟ್ಟೆ ಥರ ಮೆತ್ತಗಿದ್ರೆ ಎಳೆದೆಳೆದು ಉದ್ದ ಆಗತ್ತೆ. ಫೈಬರ್ ಗ್ಲಾಸ್‌ದು ಕೇಳಿ ತಗೊಳ್ಳಿ, ಗೆರೆ ಎಳೆಯೋ 30 ಸೆಂಟಿಮೀಟರ್ ಸ್ಟೀಲ್ ಸ್ಕೇಲ್ ಪಕ್ಕ ಇಟ್ಟು ಆಗಾಗ ಅಳತೆ ಸರಿ ಇದೆಯಾ ಅಂತ ಚೆಕ್ ಮಾಡಿ.

ತೂಕದ ಸ್ಕೇಲ್ ಬೇಕೇ ಬೇಕು ಅನ್ನೋರು ಆ್ಯಪ್ ಇಲ್ಲದ ಸಾದಾ ಡಿಜಿಟಲ್ ತಗೊಳ್ಳಿ, ಅರ್ಧ ದುಡ್ಡಲ್ಲಿ ಸಿಗತ್ತೆ, ತೂಕ ಅಷ್ಟೇ ಚೆನ್ನಾಗಿ ತೋರಿಸತ್ತೆ. ದಿನಾ ನೋಡಿದ್ರೂ ಪರವಾಗಿಲ್ಲ ಆದ್ರೆ ಒಂದು ವಾರದ ಸರಾಸರೀನ ಇನ್ನೊಂದು ವಾರದ ಸರಾಸರಿ ಜೊತೆ ಹೋಲಿಸಿ, ಹೆಣ್ಮಕ್ಕಳು ಈ ತಿಂಗಳ ಪೀರಿಯಡ್ಸ್ ಮುಗಿದ ವಾರಾನ ಹೋದ ತಿಂಗಳ ಅದೇ ವಾರದ ಜೊತೆ ನೋಡಿ. ನಂಬರ್ ನೋಡಿದ್ರೆ ಇಡೀ ದಿನ ಮನಸ್ಸು ಕೆಡತ್ತೆ ಅನ್ನೋರು ಮೊದಲ ಎರಡು ತಿಂಗಳು ಅದನ್ನ ಅಟ್ಟದ ಮೇಲಿಡಿ. ಪೇಸ್‌ಮೇಕರ್ ಹಾಕಿಸ್ಕೊಂಡಿರೋರು ಕರೆಂಟ್ ಹಾಯಿಸೋ ಸ್ಕೇಲ್ ಹತ್ತಲೇಬಾರ್ದು, ಬಸುರಿಯರಿಗೂ ಬೇಡ ಅಂತಾರೆ, ಮ್ಯಾನುಯಲಲ್ಲಿ ಇದು ಸಣ್ಣಕ್ಷರದಲ್ಲಿ ಇರತ್ತೆ, ಮನೇಲಿ ವಯಸ್ಸಾದೋರಿದ್ರೆ ತಪ್ಪದೆ ಹೇಳಿ.

ನನ್ನ ಮಾರ್ಕ್ಸ್: ಸ್ಮಾರ್ಟ್ ಸ್ಕೇಲ್‌ಗೆ ತೂಕದ ವಿಷಯದಲ್ಲಿ 5ಕ್ಕೆ 4, ಫ್ಯಾಟ್ ಪರ್ಸೆಂಟ್ ವಿಷಯದಲ್ಲಿ 5ಕ್ಕೆ 1. ಟೇಪ್‌ಗೆ ನಾಲ್ಕೂವರೆ. ಸಾಮಾನ್ಯವಾಗಿ ಸಿಗೋ ಟೇಪ್ 150 ಸೆಂಟಿಮೀಟರ್ ಇರತ್ತೆ, ಅದು ಸಾಲಲ್ಲ ಅನ್ನೋರಿಗೆ 300 ಸೆಂಟಿಮೀಟರ್‌ದೂ ಬರತ್ತೆ, ಟೈಲರಿಂಗ್ ಸಾಮಾನಿನ ಅಂಗಡೀಲಿ ಸಂಕೋಚ ಇಲ್ದೆ ಕೇಳಿ.