ಪೆಟ್ರೋಲ್ ಮುಳ್ಳು ಸರಿಯಿಲ್ಲವೇ? ಮೊದಲು ಟ್ಯಾಂಕಿನ ಫ್ಲೋಟ್ ನೋಡಿಸಿ

ಕಳೆದ ತಿಂಗಳು ರಾತ್ರಿ ಒಂಬತ್ತೂವರೆಗೆ ಶಿರಾಡಿ ಘಾಟಿಯಲ್ಲಿ, ಮಾರನಹಳ್ಳಿ ದಾಟಿದ ಮೇಲೆ, ನಮ್ಮ ಕಾರು ನಿಂತುಬಿಟ್ಟಿತು. ಜೋರು ಮಳೆ. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು, ಹಾಗಾಗಿ ಪೆಟ್ರೋಲ್ ಖಾಲಿ ಅಂತ ಹೊಳೆಯಲೇ ಇಲ್ಲ. ಫ್ಯೂಸ್ ನೋಡಿದೆ, ಮತ್ತೆ ಮತ್ತೆ ಸೆಲ್ಫ್ ಹೊಡೆದೆ. ತಿರುವಿನಲ್ಲಿ ಲಾರಿ ಬಂದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಟೆಂಪೋದವರೊಬ್ಬರು ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತೆಗೆದು, ಕಾರನ್ನು ಅಲ್ಲಾಡಿಸಿ ಕಿವಿಗೊಟ್ಟರು. "ಒಳಗೆ ಏನೂ ಇಲ್ಲ ಸಾರ್" ಅಂದರು.

ಇದೇ ಮುಳ್ಳಿಗೆ ಮೂರು ವಾರ ಮೊದಲು ಗ್ಯಾರೇಜೊಂದರಲ್ಲಿ 11,000 ರೂಪಾಯಿ ಕೊಟ್ಟಿದ್ದೆ! ಸ್ಟೀರಿಂಗ್ ಮುಂದೆ ಮುಳ್ಳುಗಳಿರುವ ಮೀಟರ್ ಬೋರ್ಡ್ ಹೋಗಿದೆ ಅಂತ ಹೇಳಿ ಹೊಸದು ಹಾಕಿದ್ದರು. ಫುಲ್ ಟ್ಯಾಂಕ್ ಹಾಕಿಸಿದೆ, ಮುಳ್ಳು ಮೇಲಕ್ಕೆ ಹೋಯಿತು. ಸರಿಯಾಯ್ತು ಅಂದುಕೊಂಡೆ. ಅಲ್ಲೇ ನಾನು ಮೋಸ ಹೋಗಿದ್ದು.

ಮಂಗಳೂರಿನಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತೇ ನಿಮಿಷದಲ್ಲಿ ದೋಷ ಎಲ್ಲಿದೆ ಅಂತ ಹೇಳಿದರು. ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಮೇಲಿನ ಕನೆಕ್ಟರ್ ಬಿಡಿಸಿ, ಕೀ ಆನ್ ಮಾಡಿಸಿದರು. ಅರ್ಧಕ್ಕೆ ಅಂಟಿದ್ದ ಮುಳ್ಳು ಕೆಳಗಿಳಿಯಿತು. ಕೆಲವು ಗಾಡಿಗಳಲ್ಲಿ ಫುಲ್ ಕಡೆಗೂ ಹೋಗುತ್ತದಂತೆ. ಯಾವ ಕಡೆ ಹೋದರೂ ಸರಿ, ಮುಳ್ಳು ಅಲುಗಿತು ಅಂದರೆ ಮೀಟರ್ ಕೆಲಸ ಮಾಡುತ್ತಿದೆ, ದೋಷ ಹೆಚ್ಚಾಗಿ ಟ್ಯಾಂಕಿನ ಕಡೆ ಇರುತ್ತದೆ.

ಒಳಗಿರೋದು ಸರಳ ಸಾಮಾನು. ಪೆಟ್ರೋಲ್ ಮೇಲೆ ತೇಲುವ ಫ್ಲೋಟ್, ಅದಕ್ಕೊಂದು ಕಡ್ಡಿ. ಕಡ್ಡಿ ಏರಿಳಿದಂತೆ ಸಣ್ಣ ಪಟ್ಟಿಯೊಂದರ ಮೇಲೆ ಉಜ್ಜಿಕೊಂಡು ಓಮ್ಸ್, ಅಂದರೆ ಕರೆಂಟಿಗೆ ಇರುವ ತಡೆ, ಬದಲಾಗುತ್ತದೆ. ಮುಳ್ಳು ಏರಿಳಿಯುವುದು ಅದರ ಮೇಲೆಯೇ. ಹೊರಗೆ ತೆಗೆದು, ಆ ಓಮ್ಸ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೈಯಲ್ಲಿ ಫ್ಲೋಟ್ ಎತ್ತಿ ಇಳಿಸಿದರೆ ಅಂಕಿ ನಿಧಾನವಾಗಿ, ಒಂದೇ ಸಮನೆ ಬದಲಾಗಬೇಕು. ನಮ್ಮದು ನಡುವೆ ಬಂದ ಕೂಡಲೇ ಕಚ್ಚಿಕೊಳ್ಳುತ್ತಿತ್ತು. ಫುಲ್ ಟ್ಯಾಂಕ್‌ನಲ್ಲಿ ಈ ದೋಷ ಕಾಣೋದೇ ಇಲ್ಲ. ಇನ್ನು ಕೆಲವು ಸಲ ಈ ಫ್ಲೋಟ್ ಸೆನ್ಸರ್ ಚೆನ್ನಾಗಿದ್ದು ಬರೀ ಅರ್ತ್ ವೈರ್‌ಗೆ ತುಕ್ಕು ಹಿಡಿದಿರುತ್ತದೆ. ಅದನ್ನೂ ನೋಡಿಸಿ.

ದಯವಿಟ್ಟು ಮನೆಯಲ್ಲಿ ನೀವೇ ಟ್ಯಾಂಕ್ ಬಿಚ್ಚೋಕೆ ಹೋಗಬೇಡಿ. ಪೆಟ್ರೋಲ್ ಆವಿಗೆ ಒಂದು ಕಿಡಿ ಸಾಕು. ಬ್ಯಾಟರಿಯ ನೆಗೆಟಿವ್ ತೆಗೆದು, ಬಯಲು ಜಾಗದಲ್ಲಿ, ಗೊತ್ತಿರುವವರೇ ಮಾಡಬೇಕು.

ಮುಳ್ಳಿನ ಮೇಲೆ ಅನುಮಾನ ಬಂದ ದಿನದಿಂದಲೇ ಫುಲ್ ಟ್ಯಾಂಕ್ ಹಾಕಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕಿಲೋಮೀಟರ್ ಲೆಕ್ಕದಲ್ಲಿ ಬಂಕಿಗೆ ಹೋಗಿ. ಖಾಲಿ ಟ್ಯಾಂಕಿನಲ್ಲಿ ಓಡಿಸಿದರೆ ಒಳಗಿನ ಪಂಪ್ ಕೂಡ ಬಿಸಿಯಾಗಿ ಹಾಳಾಗಬಹುದು. ಅದನ್ನು ತಣ್ಣಗಿಡೋದೇ ಪೆಟ್ರೋಲ್.

ಮೀಟರ್ ಬೋರ್ಡ್ ಹಣ ವಾಪಸ್ ಬರಲಿಲ್ಲ. ಹಳೇ ಬೋರ್ಡನ್ನೂ ಆ ಗ್ಯಾರೇಜಿನವರು ಕೊಡಲಿಲ್ಲ. ಗಾಡಿ ಒಟ್ಟು ಎಷ್ಟು ಓಡಿದೆ ಅಂತ ತೋರಿಸುವ ಓಡೋಮೀಟರ್ ಕೂಡ ಆ ಬೋರ್ಡಿನಲ್ಲೇ ಇರೋದು, ಈಗ ಅದು ಬೇರೆ ಅಂಕಿ ತೋರಿಸುತ್ತಿದೆ, ಗಾಡಿ ಮಾರುವಾಗ ಯಾರು ನಂಬುತ್ತಾರೆ? ಬೋರ್ಡ್ ಬದಲಾಯಿಸಲೇಬೇಕು ಅಂತ ಯಾರಾದರೂ ಹೇಳಿದರೆ, ಮೊದಲು ಆ ಕನೆಕ್ಟರ್ ಬಿಡಿಸಿ ನಿಮ್ಮೆದುರೇ ತೋರಿಸಲು ಕೇಳಿ.