ತುಮಕೂರಿನಲ್ಲಿ ಎಕೋ, ಟಿಎಂಟಿ ಮಾಡಿಸಿಕೊಂಡೆ: ಹೆಂಗಸರು ಹೋಗುವ ಮುಂಚೆ ಓದಿ

ಗುಬ್ಬಿಯಲ್ಲಿ ನನ್ನದು ರವಿಕೆ ಹೊಲಿಯುವ ಅಂಗಡಿ. ವಯಸ್ಸು 51. ಯುಗಾದಿ ಕೆಲಸ ಮುಗಿದ ಮೇಲೆ ಎರಡು ವಾರ ಎಡಭುಜ ಹಿಡಿದುಕೊಂಡಿತ್ತು. ಮಿಷನ್ ಮುಂದೆ ಬಗ್ಗಿ ಕೂತು ಹೀಗಾಗಿದೆ ಅಂದುಕೊಂಡೆ. ಆಮೇಲೆ ಮಹಡಿ ಹತ್ತಿದರೆ ಸಾಕು, ಏದುಸಿರು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ನಾರ್ಮಲ್ ಬಂತು. ಆದರೂ ಡಾಕ್ಟರು ಬಿಡಲಿಲ್ಲ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿಯಲ್ಲಿ ಎಲ್ಲವೂ ಕಾಣುವುದಿಲ್ಲ, ಹೆಂಗಸರಿಗೆ ಹೃದಯದ ತೊಂದರೆ ಸುಸ್ತು, ಏದುಸಿರು, ಬೆನ್ನುನೋವಾಗಿಯೂ ಬರುತ್ತದೆ, ಎಕೋ (ಹೃದಯದ ಸ್ಕ್ಯಾನ್) ಮತ್ತು ಟಿಎಂಟಿ (ಓಡುವ ಪಟ್ಟಿಯ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ) ಮಾಡಿಸಿ ಅಂದರು.

ಹಾಗಾಗಿ ತುಮಕೂರಿನ ಬಿ.ಎಚ್. ರಸ್ತೆಯ ಒಂದು ತಪಾಸಣೆ ಕೇಂದ್ರಕ್ಕೆ ಹೋದೆ.

ಮೊದಲ ದಿನ ವ್ಯರ್ಥವಾಯಿತು. ಫೋನಿನಲ್ಲಿ "ಹತ್ತೂವರೆಗೆ ಬನ್ನಿ" ಅಂದರು, ಬೇರೇನೂ ಹೇಳಲಿಲ್ಲ. ನಾನು ಚಿತ್ರಾನ್ನ ತಿಂದು, ಸೀರೆ ಉಟ್ಟು, ಚಪ್ಪಲಿ ಹಾಕಿಕೊಂಡು ಬಸ್ಸು ಹತ್ತಿದೆ. ಅಲ್ಲಿ ಹೋದ ಮೇಲೆ ಹೊಟ್ಟೆ ತುಂಬಿದ್ದರೆ ಟಿಎಂಟಿ ಆಗುವುದಿಲ್ಲ, ತಿಂದು ಎರಡು ಮೂರು ಗಂಟೆಯಾದರೂ ಆಗಿರಬೇಕು, ಸೀರೆಯಲ್ಲಿ ಓಡುವ ಪಟ್ಟಿಯ ಮೇಲೆ ನಡೆಯಬಾರದು ಅಂದರು. ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ವಾ? ಅಂಗಡಿ ಎರಡು ದಿನ ಮುಚ್ಚಬೇಕಾಯಿತು. ಇದು ನನಗೆ ನಿಜವಾಗಿ ಬೇಜಾರಾಯಿತು.

ಎಕೋ ಮಾತ್ರ ಅವತ್ತೇ ಮಾಡಿದರು. ಅದಕ್ಕೆ ಊಟದ ಕಟ್ಟುಪಾಡಿಲ್ಲ. ಒಳಗೆ ಹೆಣ್ಣುಮಗಳೇ ಇದ್ದಳು, ಪರದೆ ಪೂರ್ತಿ ಎಳೆದಳು. "ಅಮ್ಮಾ, ಎಡಕ್ಕೆ ಹೊರಳಿ, ಕೈ ತಲೆ ಕೆಳಗೆ ಇಡಿ, ಈಗ ಜೆಲ್ ಹಚ್ಚುತ್ತೀನಿ, ತಣ್ಣಗಿರುತ್ತೆ" ಅಂತ ಪ್ರತಿಯೊಂದನ್ನೂ ಹೇಳಿಯೇ ಮುಟ್ಟಿದಳು. ಪಕ್ಕೆಲುಬಿನ ಮಧ್ಯೆ ಒತ್ತಿದಾಗ ಸ್ವಲ್ಪ ನೋವಾಯಿತು. ಡಾಕ್ಟರು ಮಿಷನ್ನಿನ ಮಾನಿಟರನ್ನು ನನ್ನ ಕಡೆ ತಿರುಗಿಸಿ ಹೃದಯದ ಕವಾಟ ತೋರಿಸಿದರು. ತೆಳು ಬಟ್ಟೆಯ ಅಂಚು ಗಾಳಿಗೆ ಎದ್ದು ಬಿದ್ದ ಹಾಗೆ ಅದು ತೆರೆದು ಮುಚ್ಚುತ್ತಿತ್ತು. ನನ್ನದೇ ಹೃದಯ ಅದು. ಕಣ್ಣು ತುಂಬಿ ಬಂತು. ಇಎಫ್ 60 ಇದೆ, ಅಂದರೆ ಒಂದೊಂದು ಬಡಿತಕ್ಕೂ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಅರವತ್ತು ಪಾಲು ಹೊರಗೆ ಹೋಗುತ್ತಿದೆ, ಚೆನ್ನಾಗಿದೆ ಅಂದರು.

ಗೌನಿನ ವಿಷಯ ಹೇಳಲೇಬೇಕು. ಮುಂದೆ ತೆರೆಯುವ ಗೌನು, ಎರಡು ಲಾಡಿ ಇರಬೇಕು, ಒಂದು ಕಿತ್ತು ಹೋಗಿತ್ತು. ಕೈಯಲ್ಲಿ ಹಿಡಿದುಕೊಂಡೇ ಕೂತೆ. ಲಾಡಿ ಹಚ್ಚಲು ಐದು ನಿಮಿಷ ಸಾಕು. ಪರೀಕ್ಷೆಗೆ ಅಂತ ಎದೆ ಬಿಚ್ಚಿ ಕೂರುವ ಹೆಂಗಸಿಗೆ ಆ ಲಾಡಿ ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಾಗಬೇಕು. ಕೌಂಟರಿನಲ್ಲಿ ಹೇಳಿ ಬಂದೆ.

ಎರಡನೇ ಸಲ ಚೂಡಿದಾರ, ಮಗಳ ಶೂ ಹಾಕಿಕೊಂಡು ಹೋದೆ. ಎದೆಗೆ ಸ್ಪಿರಿಟ್ ಒರೆಸಿ ಅಂಟು ಬಿಲ್ಲೆಗಳನ್ನು ಹಚ್ಚಿದರು, ತೋಳಿಗೆ ಬಿಪಿ ಪಟ್ಟಿ. ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಓಡುವ ಪಟ್ಟಿಯ ಏರೂ ಜಾಸ್ತಿಯಾಗುತ್ತದೆ. 220ರಲ್ಲಿ ವಯಸ್ಸು ಕಳೆದು, ಅದರಲ್ಲಿ ನೂರಕ್ಕೆ 85 ಪಾಲನ್ನು ನಿಮಿಷದ ಎದೆಬಡಿತ ಮುಟ್ಟಬೇಕಂತೆ. ನನಗೆ 144. ಏಳನೇ ನಿಮಿಷದಲ್ಲಿ ಮುಟ್ಟಿತು. ಕಾಲು ಸೋತಿತ್ತು, ಎದೆ ನೋಯಲಿಲ್ಲ. ಮುಗಿಯುವವರೆಗೂ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಡಾಕ್ಟರಿಲ್ಲದ ಕಡೆ ಟಿಎಂಟಿ ಮಾಡಿಸಿಕೊಳ್ಳಬೇಡಿ. ಇನ್ನೊಂದು: ಎದೆ ಒತ್ತಿ ಬೆವರುತ್ತಿದ್ದರೆ ಇಂಥ ಕೇಂದ್ರಕ್ಕಲ್ಲ, ನೇರ ಆಸ್ಪತ್ರೆಗೆ ಓಡಿ. ಅಲ್ಲಿ ಇಸಿಜಿ ಜೊತೆ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತಿಳಿಯುವ ಟ್ರೊಪೋನಿನ್ ರಕ್ತಪರೀಕ್ಷೆ ಮಾಡುತ್ತಾರೆ.

ರಿಪೋರ್ಟ್ ನೆಗೆಟಿವ್ ಬಂತು, ಅಂದರೆ ತೊಂದರೆ ಕಾಣಲಿಲ್ಲ. ಹಾಗಂತ ಮರೆತುಬಿಡಬೇಡಿ, ಏದುಸಿರು ಮತ್ತೆ ಬಂದರೆ ಬನ್ನಿ, ಬಿಪಿ ಮಾತ್ರೆ ಬಿಡಬೇಡಿ ಅಂದರು. ಎರಡಕ್ಕೂ ಸೇರಿ 2,800 ರೂಪಾಯಿ ಆಯಿತು, ರಸೀದಿ ಕೊಟ್ಟರು. ಐದಕ್ಕೆ ನಾಲ್ಕು ಕೊಡುತ್ತೇನೆ.

ಮುಂದಿನ ವಾರ ನಮ್ಮಕ್ಕನಿಗೂ ಅಲ್ಲೇ ಟಿಎಂಟಿ. ಅವಳ ಬಿಪಿ ಮಾತ್ರೆ ಎದೆಬಡಿತ ತಗ್ಗಿಸುವಂಥದ್ದು. ಅದನ್ನು ಅವತ್ತು ತಗೊಳ್ಳಬೇಕಾ ಅಂತ ಫೋನಿನಲ್ಲಿ ನಾನೇ ಕೇಳಿದೆ. "ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ಅಮ್ಮಾ, ನೀವಾಗಿ ನಿಲ್ಲಿಸಬೇಡಿ" ಅಂದರು. ಊಟ, ಬಟ್ಟೆ, ಶೂ, ಈ ಸಲ ಎಲ್ಲಾ ಹೇಳಿದರು. ಲಾಡಿ ಹಚ್ಚಿದ್ದಾರಾ ಅಂತ ಅವಳ ಜೊತೆ ಹೋದಾಗ ನೋಡುತ್ತೇನೆ.