ವಿಂಡೋಸೋ, ಲಿನಕ್ಸೋ, ಮ್ಯಾಕೋ: ಬೆಳಗಾವಿ ಸೀಮೆಯ ಕೆಲಸಕ್ಕೆ ಯಾವುದು ಒಗ್ಗುತ್ತದೆ?

ಮೂರು ಯಂತ್ರಗಳನ್ನು ಪಕ್ಕಪಕ್ಕ ಇಟ್ಟು, ಮೂರಕ್ಕೂ ಒಂದೇ ಕೆಲಸ ಕೊಟ್ಟು ನೋಡಿದ ಹೋಲಿಕೆ ಇದು. ಮೊದಲನೆಯದು ವಿಂಡೋಸ್ 11 ಹಾಕಿದ ಥಿಂಕ್‌ಪ್ಯಾಡ್ ಟಿ480. ಎರಡನೆಯದು ಲಿನಕ್ಸ್ ಮಿಂಟ್ 22 ಹಾಕಿದ, ಅದಕ್ಕಿಂತ ಒಂದು ತಲೆಮಾರು ಹಳೆಯದಾದ ಟಿ470. ಮೂರನೆಯದು ಎಂ4 ಚಿಪ್ಪಿನ ಮ್ಯಾಕ್ ಮಿನಿ. ಕೊಟ್ಟ ಕೆಲಸ ಏನೆಂದರೆ ಕನ್ನಡ-ಮರಾಠಿ ಟೈಪಿಂಗ್, ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಮಾಡಿದ ಹಳೆಯ ಕಡತ, ಲೆಕ್ಕಪತ್ರದ ಟ್ಯಾಲಿ, ಜಿಎಸ್‌ಟಿ ಸಹಿ, ಅಂಗಡಿಯ ಹಳೆ ಪ್ರಿಂಟರ್, ಇವೆಲ್ಲದರ ನಡುವೆ ಕೈಕೊಡುವ ಕರೆಂಟು. ವೇಗದ ಬಗ್ಗೆ ಒಂದೇ ಮಾತು ಸಾಕು: ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್ ಇದ್ದರೆ ಈ ಕೆಲಸಕ್ಕೆ ಯಾವುದೂ ನಿಧಾನವಲ್ಲ. ಸೋಲು-ಗೆಲುವು ತೀರ್ಮಾನವಾಗುವುದು ಯಂತ್ರಕ್ಕೆ ಚುಚ್ಚುವ ಡಿಜಿಟಲ್ ಸಹಿಯ ಟೋಕನ್, ತಂತ್ರಾಂಶದ ಪರವಾನಗಿ ಹೊತ್ತ ಡಾಂಗಲ್, ಪ್ರಿಂಟರ್‌ಗಳಲ್ಲಿ, ಮತ್ತೆ ಇಪ್ಪತ್ತು ವರ್ಷದಿಂದ ಕೂಡಿಟ್ಟ ಕಡತಗಳ ಫಾಂಟಿನಲ್ಲಿ.

ಬೆಲೆಯ ಲೆಕ್ಕ ಮೊದಲು ಮುಗಿಸೋಣ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆಬಳಕೆಯವರಿಗೆ ಕೊಟ್ಟ ಭದ್ರತಾ ವಿಸ್ತರಣೆಯೂ 2026ರ ಅಕ್ಟೋಬರ್‌ವರೆಗೆ ಮಾತ್ರ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದ್ದರಷ್ಟೇ ಸಾಲದು, ಇಂಟೆಲ್ ಆದರೆ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರೂ ಬೇಕು. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ಟಿ470ರಲ್ಲಿ ಟಿಪಿಎಂ 2.0 ಇದೆ, ಆದರೆ ಒಳಗಿನ ಐ5-7300ಯು ಪ್ರೊಸೆಸರ್ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿಲ್ಲ. ಟಿ480ರ ಐ5-8350ಯು ಇದೆ. ಡೆಲ್ ಲ್ಯಾಟಿಟ್ಯೂಡ್ 7480 ಪಟ್ಟಿಯಿಂದ ಹೊರಗೆ, 7490 ಒಳಗೆ. ಎಚ್‌ಪಿ ಎಲೀಟ್‌ಬುಕ್ 840ರಲ್ಲಿ ಜಿ4 ಹೊರಗೆ, ಜಿ5 ಒಳಗೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದ ಅಂಗಡಿಯವರು ‘ಐ5 ಇದೆ ಸರ್’ ಎಂದರೆ ಸಾಲದು. ಈ ಮಾದರಿಗಳಲ್ಲಿ ಪ್ರೊಸೆಸರ್ ಹೆಸರಿನ ಅಡ್ಡಗೆರೆಯ ನಂತರದ ಮೊದಲ ಅಂಕಿ 8 ಇದೆಯೇ ನೋಡಬೇಕು. ರೂಫಸ್ ಎಂಬ ಉಪಕರಣದಿಂದ ಈ ತಡೆಯನ್ನು ದಾಟಿ ಹಳೆಯ ಯಂತ್ರಕ್ಕೂ ವಿಂಡೋಸ್ 11 ಹಾಕಿ ಕೊಡುವವರಿದ್ದಾರೆ. ಅದು ಓಡುತ್ತದೆ ನಿಜ, ಆದರೆ ಮುಂದಿನ ದೊಡ್ಡ ಅಪ್‌ಡೇಟ್ ಸಲೀಸಾಗಿ ಇಳಿಯುತ್ತದೆ ಎಂಬ ಖಾತರಿ ಇಲ್ಲ. ಲೆಕ್ಕಪತ್ರದ ಯಂತ್ರಕ್ಕೆ ಆ ಗೊಡವೆ ಬೇಡ. ಅದೇ ಟಿ470ಕ್ಕೆ ಮಿಂಟ್ 22 ಹಾಕಿದರೆ 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಮ್ಯಾಕ್ ಮಿನಿ ಎಂ4 ಭಾರತದಲ್ಲಿ ಬಿಡುಗಡೆಯಾದದ್ದು 59,900 ರೂಪಾಯಿಗೆ. ಮಾನಿಟರ್, ಕೀಬೋರ್ಡ್, ಮೌಸ್ ಬೇರೆ ಕೊಳ್ಳಬೇಕು.

ಇನ್ನು ಕನ್ನಡ. ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ.

ಲಗ್ನಪತ್ರಿಕೆ, ಕರಪತ್ರ, ಸೊಸೈಟಿ ವರದಿ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿಯ ಹಳೆ ಎನ್‌ಕೋಡಿಂಗಿನ ಕಡತಗಳೇ ರಾಶಿ ಬಿದ್ದಿವೆ. ಅವುಗಳಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ ಮಾತ್ರ. ಕಡತದ ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. ಪುಟವಿನ್ಯಾಸದ ಪೇಜ್‌ಮೇಕರ್ 7 ಯುನಿಕೋಡ್ (ಎಲ್ಲ ಭಾಷೆಗೂ ಒಪ್ಪುವ ಈಗಿನ ಸಂಕೇತಪದ್ಧತಿ) ಅರಿಯದು, ಆದ್ದರಿಂದ ಈ ಜೋಡಿಯನ್ನು ಬಿಡಿಸುವುದು ಕಷ್ಟ. ಈ ಕೆಲಸಕ್ಕೆ ವಿಂಡೋಸ್ ಒಂದೇ ನೆಟ್ಟಗಿನ ದಾರಿ, ಅದರಲ್ಲೂ ಎರಡು ತೊಡಕುಗಳಿವೆ. ಹಳೆಯ ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಿಸುವುದು ಸ್ಕ್ರೋಲ್ ಲಾಕ್ ಕೀಲಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ. ಥಿಂಕ್‌ಪ್ಯಾಡ್‌ನಲ್ಲಿ ಎಫ್‌ಎನ್ ಜೊತೆ ಕೆ ಒತ್ತಿದರೆ ಅದು ಸಿಗುತ್ತದೆ. ಬೇರೆ ಲ್ಯಾಪ್‌ಟಾಪ್‌ಗೆ ವಿಂಡೋಸ್‌ನ ತೆರೆಮೇಲಿನ ಕೀಬೋರ್ಡ್, ಇಲ್ಲವೇ ಯುಎಸ್‌ಬಿ ಕೀಬೋರ್ಡ್ ಬೇಕು. ಎರಡನೆಯದು: ಪೇಜ್‌ಮೇಕರ್ ‘ಅಡ್ಮಿನಿಸ್ಟ್ರೇಟರ್’ ಆಗಿ ಓಡುತ್ತಿದ್ದು ನುಡಿ ಸಾಮಾನ್ಯವಾಗಿ ಓಡುತ್ತಿದ್ದರೆ ಕನ್ನಡ ಮೂಡುವುದೇ ಇಲ್ಲ. ಕೆಳದರ್ಜೆಯ ಅನುಮತಿಯ ಪ್ರೋಗ್ರಾಂ ಮೇಲ್ದರ್ಜೆಯದಕ್ಕೆ ಕೀಲಿ ಕಳಿಸುವುದನ್ನು ವಿಂಡೋಸ್ ತಡೆಯುತ್ತದೆ. ಎರಡನ್ನೂ ಒಂದೇ ದರ್ಜೆಯಲ್ಲಿ ಓಡಿಸಿದರೆ ಸರಿಹೋಗುತ್ತದೆ. ‘ನುಡಿ ಕೆಟ್ಟಿದೆ’ ಎಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರು ಇದನ್ನು ಮೊದಲು ನೋಡಲಿ.

ಲಿನಕ್ಸ್‌ನಲ್ಲಿ ಅದೇ ಕಡತ ತೆರೆದು ಓದುವುದಕ್ಕೆ ಅಡ್ಡಿಯಿಲ್ಲ. ನುಡಿಯ ಟಿಟಿಎಫ್ ಫಾಂಟುಗಳನ್ನು ಫಾಂಟ್ ಫೋಲ್ಡರಿಗೆ ನಕಲಿಸಿದರೆ ಲಿಬ್ರೆಆಫೀಸ್‌ನಲ್ಲಿ ವರ್ಡ್ ಕಡತ ಕನ್ನಡವಾಗಿಯೇ ಕಾಣುತ್ತದೆ. ಸಾಲು ಮುರಿಯುವ ಜಾಗ ಅಲ್ಲಲ್ಲಿ ಬದಲಾಗುತ್ತದೆ, ಪುಟಸಂಖ್ಯೆ ಜಾರುತ್ತದೆ. ತಿದ್ದಬೇಕೆಂದರೆ ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದೇ ಮೇಲು. ‘ಸಂಚಯ’ ತಂಡದ ಆನ್‌ಲೈನ್ ಪರಿವರ್ತಕ ಇದಕ್ಕೆ ಸಾಕು. ಪರಿವರ್ತಿಸಿದ ಮೇಲೆ ಎರಡು ಕಡೆ ಕಣ್ಣಾಡಿಸಲೇಬೇಕು. ಒಂದು ಅರ್ಕಾವತ್ತು: ಹಳೆಯ ಎನ್‌ಕೋಡಿಂಗಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ‘ಕಾರ್ಯದರ್ಶಿ’, ‘ವರ್ಷ’ದಂಥ ಪದಗಳನ್ನು ಹುಡುಕಿ ನೋಡಿ. ಇನ್ನೊಂದು, ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಪದಗಳು. ಪರಿವರ್ತಕಕ್ಕೆ ಅವೂ ಸಂಕೇತಗಳೇ, ಹಾಗಾಗಿ ಕಂಪನಿ ಹೆಸರು, ಐಎಫ್‌ಎಸ್‌ಸಿ ಕೋಡು, ಇಮೇಲ್ ವಿಳಾಸಗಳು ಅರ್ಥವಿಲ್ಲದ ಕನ್ನಡವಾಗಿ ಬದಲಾಗಿಬಿಡುತ್ತವೆ. ಮೂಲ ಕಡತವನ್ನು ಅಳಿಸದೆ ಪಕ್ಕದಲ್ಲಿಟ್ಟುಕೊಂಡೇ ತಿದ್ದಿ.

ಹೊಸದಾಗಿ ಟೈಪ್ ಮಾಡುವುದಾದರೆ ಲೆಕ್ಕ ತಿರುಗುತ್ತದೆ. ನುಡಿಯ ಕಗಪ ಎಂಬ ಕೀಲಿ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಲಿನಕ್ಸೇ ಹೆಚ್ಚು ಹಿತ. ಆದರೆ ಅಲ್ಲಿ ಒಂದೇ ಹೆಸರಿನ ಎರಡು ಆಯ್ಕೆಗಳಿವೆ, ತಪ್ಪಾದುದನ್ನು ಆರಿಸಿದರೆ ತಲೆ ಕೆಡುತ್ತದೆ. ಕೀಬೋರ್ಡ್ ಸೆಟಿಂಗ್‌ನಲ್ಲಿ ನೇರವಾಗಿ ಸಿಗುವ ‘ಕಗಪ’ದಲ್ಲಿ ಒಂದು ಒತ್ತಿಗೆ ಯಾವಾಗಲೂ ಒಂದೇ ಅಕ್ಷರ, ಹಿಂದೆ ಏನಿದೆ ಎಂದು ಅದು ನೋಡುವುದಿಲ್ಲ, ಆದ್ದರಿಂದ ‘ಇ’ ಸ್ವರಕ್ಕೂ ಗುಡಿಸಿಗೂ ಬೇರೆ ಬೇರೆ ಒತ್ತು ಬೇಕು. ಅದರ ಬದಲು ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ, ಅದರಲ್ಲಿನ ಕೆಜಿಪಿ (ಕಗಪವೇ) ಆರಿಸಿ. ಪದದ ಮೊದಲಲ್ಲಿ ಇಂಗ್ಲಿಷಿನ ಐ ಕೀಲಿ ಒತ್ತಿದರೆ ‘ಇ’, ಕೆ ಆದಮೇಲೆ ಒತ್ತಿದರೆ ‘ಕಿ’. ಒತ್ತಕ್ಷರಕ್ಕೆ ನಡುವೆ ಎಫ್. ಥೇಟ್ ನುಡಿಯ ಹಾಗೆಯೇ. ಲಿಬ್ರೆಆಫೀಸ್‌ನ ಆಯ್ಕೆಗಳಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಚಾಲೂ ಮಾಡಿ, ಅದರ ಮೂಲ ಫಾಂಟನ್ನು ಬೇರೆಯಾಗಿಯೇ ನೋಟೋ ಅಥವಾ ಗುಬ್ಬಿಗೆ ಇಡಿ. ಇಂಗ್ಲಿಷ್ ಫಾಂಟ್ ಬದಲಿಸಿದರೆ ಕನ್ನಡದ್ದು ಬದಲಾಗದು.

ವಿಂಡೋಸ್ 11ರಲ್ಲಿ ಭಾಷಾ ಸೆಟಿಂಗಿಗೆ ಹೋಗಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ (ಭಾರತೀಯ ಭಾಷೆಗಳಿಗೆಲ್ಲ ಒಂದೇ ಕೀಲಿ ವಿನ್ಯಾಸ) ಮತ್ತು ಫೊನೆಟಿಕ್ ಎರಡೂ ಸಿಗುತ್ತವೆ. ನಿರ್ಮಲಾ ಯುಐ ಫಾಂಟ್ ಮೊದಲೇ ಇರುತ್ತದೆ; ಹಳೆಯ ತುಂಗಾ ಫಾಂಟ್ ಬೇಕಾದರೆ ‘ಆಪ್ಷನಲ್ ಫೀಚರ್ಸ್’ನಲ್ಲಿ ಕನ್ನಡ ಪೂರಕ ಫಾಂಟುಗಳನ್ನು ಹಾಕಿಕೊಳ್ಳಬೇಕು. ಮ್ಯಾಕ್‌ನಲ್ಲಿ ಅಕ್ಷರ ಮೂಡುವ ಅಂದಕ್ಕೆ ಸಾಟಿಯಿಲ್ಲ, ಆದರೆ ಕಗಪ ವಿನ್ಯಾಸ ಒಳಗೇ ಬರುವುದಿಲ್ಲ. ಬೆಳಗಾವಿಯವರು ಇನ್‌ಸ್ಕ್ರಿಪ್ಟ್ ಕಲಿಯುವುದು ಜಾಣತನ ಎಂದು ನನಗನಿಸುವುದು ಮರಾಠಿಯ ಕಾರಣಕ್ಕೆ: ಕನ್ನಡದ ‘ಕ’ ಇರುವ ಕೀಲಿಯಲ್ಲೇ ದೇವನಾಗರಿಯ ‘ಕ’ವೂ ಇದೆ. ಒಮ್ಮೆ ಕೈ ಕೂತರೆ ಎರಡು ಭಾಷೆ, ಮೂರು ಯಂತ್ರ, ಎಲ್ಲಕ್ಕೂ ಅದೇ ಬೆರಳು. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಬಳಸುವವರು, ವಿಂಡೋಸ್ ಇರಲಿ ಮ್ಯಾಕ್ ಇರಲಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲುತ್ತವೆ, ತಪ್ಪು ಫಾಂಟಿನದಲ್ಲ.

ಟ್ಯಾಲಿಯ ವಿಷಯದಲ್ಲಿ ಚರ್ಚೆಯೇ ಇಲ್ಲ. ಟ್ಯಾಲಿಪ್ರೈಮ್ ವಿಂಡೋಸ್‌ಗೆ ಮಾತ್ರ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯಾಗಲಿ ಬಾಗಲಕೋಟೆಯ ಅಡತಿ ಅಂಗಡಿಯಾಗಲಿ, ದಿನವೂ ಟ್ಯಾಲಿ ತೆರೆಯುವವರು ಬೇರೆ ಯೋಚನೆ ಮಾಡುವುದು ವ್ಯರ್ಥ. ಡಿಜಿಟಲ್ ಸಹಿಯ ಟೋಕನ್ ವಿಂಡೋಸ್‌ನಲ್ಲೂ ಕೆಲವೊಮ್ಮೆ ಮುನಿಯುತ್ತದೆ: ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಹಿ ಒತ್ತಿದರೆ ಟೋಕನ್ನಿಗೂ ಪೋರ್ಟಲ್ಲಿಗೂ ಕೊಂಡಿಯಾದ ಎಮ್‌ಸೈನರ್ ಪ್ರೋಗ್ರಾಂ ಸಂಪರ್ಕ ಸಿಗುವುದಿಲ್ಲ. ಎಮ್‌ಸೈನರನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಬ್ರೌಸರಿನಲ್ಲಿ 127.0.0.1 ವಿಳಾಸದ 1585ನೇ ಪೋರ್ಟ್ ತೆರೆದು, ಎಚ್ಚರಿಕೆ ಬಂದರೆ ‘ಮುಂದುವರಿ’ ಒತ್ತಿ, ಆಮೇಲೆ ಪೋರ್ಟಲ್ ಪುಟ ಹೊಸದಾಗಿ ತೆರೆಯಿರಿ. ಲಿನಕ್ಸ್‌ನಲ್ಲೇ ಇರಬೇಕು, ತಿಂಗಳಿಗೊಮ್ಮೆ ಮಾತ್ರ ಟ್ಯಾಲಿ ಬೇಕು ಎನ್ನುವವರಿಗೆ ವರ್ಚುವಲ್‌ಬಾಕ್ಸ್ (ಯಂತ್ರದೊಳಗೊಂದು ಯಂತ್ರ ಓಡಿಸುವ ತಂತ್ರಾಂಶ) ಒಳಗೆ ವಿಂಡೋಸ್ ಹಾಕುವ ದಾರಿ ಇದೆ. ರ‍್ಯಾಮ್ 16 ಜಿಬಿ ಇರಲಿ. ಟೋಕನ್ ಒಳಗೆ ಕಾಣಿಸದಿದ್ದರೆ ನಿಮ್ಮ ಖಾತೆಯನ್ನು ‘ವಿಬಾಕ್ಸ್‌ಯೂಸರ್ಸ್’ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಬನ್ನಿ.

ಮ್ಯಾಕ್‌ನಲ್ಲಿ ಅಂಥದ್ದೇ ತಂತ್ರಾಂಶವಾದ ಪ್ಯಾರಲಲ್ಸ್ ಒಳಗೆ ಆರ್ಮ್ ಚಿಪ್ಪಿನ ವಿಂಡೋಸ್ ಓಡುತ್ತದೆ, ಅದರೊಳಗೆ ಟ್ಯಾಲಿಯೂ ತೆರೆದೀತು. ಎಡವುವುದು ಟೋಕನ್ ಮತ್ತು ಡಾಂಗಲ್‌ಗಳಲ್ಲಿ. ಆರ್ಮ್ ವಿಂಡೋಸ್ ಸಾಮಾನ್ಯ ಪ್ರೋಗ್ರಾಂಗಳನ್ನು ಅನುಕರಿಸಿ ಓಡಿಸಬಲ್ಲದು, ಡ್ರೈವರುಗಳನ್ನಲ್ಲ. ತಯಾರಕರು ಆರ್ಮ್‌ಗೆಂದೇ ಡ್ರೈವರ್ ಬರೆಯದಿದ್ದರೆ ಟೋಕನ್ ಬರೀ ಪ್ಲಾಸ್ಟಿಕ್ ತುಂಡು. ಉದ್ಯಮಬಾಗದ ಫೌಂಡ್ರಿ, ಹೈಡ್ರಾಲಿಕ್ಸ್ ಘಟಕಗಳಿಗೆ ಕೆಲಸ ಮಾಡುವವರಿಗೂ ಇದೇ ಮಾತು. ಬಿಡಿಭಾಗಗಳ ವಿನ್ಯಾಸ ಬರೆಯುವ ಸಾಲಿಡ್‌ವರ್ಕ್ಸ್ ವಿಂಡೋಸ್‌ಗೆ ಮಾತ್ರ. ಆಟೋಕ್ಯಾಡ್‌ಗೆ ಮ್ಯಾಕ್ ಆವೃತ್ತಿ ಇದೆ, ಅಷ್ಟೆ. ವಿಟಿಯು ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರು ಮಾತ್ರ ನಿಶ್ಚಿಂತೆಯಿಂದ ಲಿನಕ್ಸ್ ಹಾಕಿಕೊಳ್ಳಬಹುದು.

ಪ್ರಿಂಟರ್: ನಮ್ಮ ಊರುಗಳಲ್ಲಿ ಇನ್ನೂ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ2900ಗೆ ಪ್ರಿಂಟರುಗಳ ಸಾಮಾನ್ಯ ಭಾಷೆಗಳಾದ ಪೋಸ್ಟ್‌ಸ್ಕ್ರಿಪ್ಟ್ ಬಾರದು, ಪಿಸಿಎಲ್ ಬಾರದು. ಪೂರ್ತಿ ಕ್ಯಾನನ್ನಿನದೇ ಆದ ಕ್ಯಾಪ್ಟ್ ಡ್ರೈವರಿನ ಮೇಲೇ ಅದರ ಜೀವ. ವಿಂಡೋಸ್‌ನಲ್ಲಿ ತೊಂದರೆಯಿಲ್ಲ. ಲಿನಕ್ಸ್‌ನಲ್ಲಿ ಡ್ರೈವರ್ ಜೊತೆ ಹಳೆಯ 32-ಬಿಟ್ ಲೈಬ್ರರಿಗಳೂ ಹಿನ್ನೆಲೆಯಲ್ಲಿ ಓಡುವ ಸಿಸಿಪಿಡಿ ಸೇವೆಯೂ ಬೇಕು. ಪ್ರಿಂಟರ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ಆ ಸೇವೆ ತಾನಾಗಿ ಏಳದೆ ಕೆಲಸ ಸಾಲಿನಲ್ಲೇ ನಿಂತಿರುತ್ತದೆ. ಎಚ್‌ಪಿ ಎಂ1005 ಆದರೆ ಎಚ್‌ಪಿಲಿಪ್ ಎಂಬ ಡ್ರೈವರ್ ಜೊತೆ ಪ್ಲಗಿನ್ ಇಳಿಸಬೇಕು, ಎಚ್‌ಪಿಲಿಪ್ ಅಪ್‌ಡೇಟ್ ಆದಾಗ ಪ್ಲಗಿನ್ನೂ ಅದೇ ಆವೃತ್ತಿಗೆ ಮತ್ತೆ ಹಾಕಬೇಕು. ನಿನ್ನೆ ಬಂದ ಪ್ರಿಂಟ್ ಇವತ್ತು ಬರುತ್ತಿಲ್ಲ ಎಂದರೆ ಬಹುತೇಕ ಇದೇ. ಮ್ಯಾಕ್‌ಗೆ ಏರ್‌ಪ್ರಿಂಟ್ (ಡ್ರೈವರ್ ಇಲ್ಲದೆ ಮುದ್ರಿಸುವ ಆಪಲ್ ಸೌಲಭ್ಯ) ಇರುವ ಪ್ರಿಂಟರ್ ಕೊಳ್ಳಿ; ಹಳೆಯದನ್ನು ಒಗ್ಗಿಸುವ ಹಟ ಬೇಡ.

ಕರೆಂಟಿನ ವಿಷಯದಲ್ಲಿ ಲ್ಯಾಪ್‌ಟಾಪ್‌ಗಳೇ ಗೆದ್ದವು. ಟಿ470, ಟಿ480 ಎರಡಕ್ಕೂ ಒಳಗೊಂದು ಹೊರಗೊಂದು ಬ್ಯಾಟರಿ. ಯಂತ್ರ ನಿಲ್ಲಿಸದೆಯೇ ಹೊರಗಿನದನ್ನು ಬದಲಿಸಬಹುದು. ಡೆಸ್ಕ್‌ಟಾಪನ್ನು ಮನೆಯ ಇನ್ವರ್ಟರಿಗೆ ಹಚ್ಚುವವರು ಹಿಂಬದಿಯ ಸ್ವಿಚ್ಚು ‘ಯುಪಿಎಸ್’ ಕಡೆ ಇದೆಯೇ ನೋಡಲಿ. ಕರೆಂಟು ಕಡಿದಾಗ ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ವಿದ್ಯುತ್ ಪೆಟ್ಟಿಗೆ) ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ‘ಇಕೋ’ ಮೋಡಿನ ಇನ್ವರ್ಟರು ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಫ್ಯಾನಿಗೆ ಗೊತ್ತಾಗದ್ದು ಕಂಪ್ಯೂಟರಿಗೆ ಗೊತ್ತಾಗುತ್ತದೆ. ಮ್ಯಾಕ್ ಮಿನಿಗೆ ಬ್ಯಾಟರಿ ಇಲ್ಲ, ಆದರೆ ಸುಮ್ಮನಿದ್ದಾಗ ಅದು ಎಳೆಯುವುದು 4 ವ್ಯಾಟ್ ಮಾತ್ರ, ಹೆಚ್ಚೆಂದರೆ 65. ಹಗುರ ಕೆಲಸದಲ್ಲಿ 600 ವಿಎ ಯುಪಿಎಸ್‌ನ ಮೇಲೆ ಅದಕ್ಕಿಂತ ಮಾನಿಟರ್ರೇ ಹೆಚ್ಚು ಭಾರ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ವಿಂಡೋಸ್ ಮಾಡಿದ್ದನ್ನೆಲ್ಲ ಹಿಂದಕ್ಕೆ ಸುತ್ತುತ್ತ ಬಹಳ ಹೊತ್ತು ಕೂರುತ್ತದೆ. ಆ ಹೊತ್ತಿನಲ್ಲಿ ಬಟನ್ ಒತ್ತಿ ನಿಲ್ಲಿಸುವುದೇ ದೊಡ್ಡ ಅನಾಹುತ. ಮಿಂಟ್‌ನಲ್ಲಿ ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಟರ್ಮಿನಲ್ಲಿನಲ್ಲಿ ಕೊಡುವ ಡಿಪಿಕೆಜಿಯ ‘ಕಾನ್ಫಿಗರ್’ ಆಜ್ಞೆ ಮುಗಿಸಿಕೊಡುತ್ತದೆ.

ವಿಜಯಪುರದ ಬೇಸಿಗೆ 40 ಡಿಗ್ರಿ ದಾಟಿದಾಗ ಮೂರರ ಫ್ಯಾನೂ ಕೂಗುವುದೇ. ಎಂ4 ಮಿನಿ ಗಾಳಿ ಎಳೆಯುವುದೂ ಬಿಡುವುದೂ ತಳದಿಂದ, ಆದ್ದರಿಂದ ಅಂದಕ್ಕೆಂದು ಕೆಳಗೆ ಕಸೂತಿ ಬಟ್ಟೆ ಹಾಸಬೇಡಿ. ಥಿಂಕ್‌ಪ್ಯಾಡ್ ಆದರೆ ತಳ ಬಿಚ್ಚಿ ಧೂಳು ಊದಿ, ಪ್ರೊಸೆಸರ್ ತಂಪಾಗಿಸುವ ಪೇಸ್ಟ್ ಬದಲಿಸಿ, ರ‍್ಯಾಮ್-ಎಸ್‌ಎಸ್‌ಡಿ ಏರಿಸುವುದು ಊರಿನ ಯಾವ ರಿಪೇರಿ ಅಂಗಡಿಯಲ್ಲೂ ಆಗುವ ಕೆಲಸ. ಮ್ಯಾಕ್‌ನ ರ‍್ಯಾಮ್ ಕೊಂಡಾಗ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ವಿಡಿಯೊ ಸಂಕಲನ, ಫೋಟೊ ಆಲ್ಬಮ್ ಮಾಡುವ ಸ್ಟುಡಿಯೊದವರನ್ನು ಬಿಟ್ಟರೆ ಇಲ್ಲಿ ಬೇರೆಯವರಿಗೆ ನಾನು ಮ್ಯಾಕ್ ಹೇಳಲಾರೆ.

ಬಳಸಿದ ಲ್ಯಾಪ್‌ಟಾಪ್ ತರಲು ಹೋಗುವಾಗ ಮಿಂಟ್ ಬರೆದ 8 ಜಿಬಿ ಪೆನ್‌ಡ್ರೈವ್, ನಿಮ್ಮದೇ ಒಂದು ನುಡಿ ಕಡತ ಮತ್ತು ಟೋಕನ್ ಜೇಬಿನಲ್ಲಿರಲಿ. ವಿಂಡೋಸ್‌ನಲ್ಲಿ ‘ಪವರ್‌ಸಿಎಫ್‌ಜಿ’ ಎಂಬ ಆಜ್ಞೆಯಿಂದ ಬ್ಯಾಟರಿ ವರದಿ ತೆಗೆದು, ವಿನ್ಯಾಸದ ಸಾಮರ್ಥ್ಯಕ್ಕೂ ಈಗ ತುಂಬುವ ಸಾಮರ್ಥ್ಯಕ್ಕೂ ಎಷ್ಟು ಅಂತರವಿದೆ ನೋಡಿ. ಥಿಂಕ್‌ಪ್ಯಾಡ್, ಡೆಲ್ ಆದರೆ ಎಫ್12 ಒತ್ತಿ ಪೆನ್‌ಡ್ರೈವಿನಿಂದ ಏಳಿಸಿ. ಏನನ್ನೂ ಇನ್‌ಸ್ಟಾಲ್ ಮಾಡದೆ ವೈಫೈ, ಸ್ಪೀಕರ್, ಎಲ್ಲ ಯುಎಸ್‌ಬಿ ಕಿಂಡಿ ಪರೀಕ್ಷಿಸಬಹುದು. ಟಿ480 ಆದರೆ ಎರಡೂ ಟೈಪ್-ಸಿ ಕಿಂಡಿಗಳಿಗೆ ಚಾರ್ಜರ್ ಚುಚ್ಚಿ ನೋಡಿ. ಆ ಕಾಲದ ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ ಫರ್ಮ್‌ವೇರ್ ದೋಷದಿಂದ ಕಿಂಡಿ ಕೈಕೊಡುವುದುಂಟು, ಟಿ480ಕ್ಕೆ ಚಾರ್ಜ್ ಆಗಲು ಬೇರೆ ದಾರಿ ಇಲ್ಲ. ಟಿ470ಕ್ಕೆ ಹಳೆಯ ಚೌಕ ಪಿನ್ನೂ ಇದೆ. ಸರಿ ಇದ್ದರೆ ಕೊಂಡ ದಿನವೇ ಲೆನೊವೊ ಕೊಟ್ಟ ಥಂಡರ್‌ಬೋಲ್ಟ್ ಫರ್ಮ್‌ವೇರ್ ಅಪ್‌ಡೇಟನ್ನು ವಿಂಡೋಸ್‌ನಿಂದ ಹಾಕಿ, ಆಮೇಲೆ ಬೇಕಾದರೆ ಲಿನಕ್ಸ್ ಹಚ್ಚಿ.